ಎರಡು ಗಂಟೆಯಷ್ಟು ಮಾತು

ಮಾರ್ಚ್ ೩, ಸೋಮವಾರ

ಡಾಕ್ಟರು ತಾರೀಖು ಕೊಟ್ಟರು. ಇಪ್ಪತ್ತಾರು, ಬುಧವಾರ, ಬೆಳಿಗ್ಗೆ. ಗಂಟಲಿನೊಳಗಿನ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುತ್ತಾರಂತೆ. ಗಡ್ಡೆ ಅದನ್ನು ದಾಟಿ ಹೋಗಿಲ್ಲ, ಅದೃಷ್ಟ ಎಂದರು. ಆಮೇಲೆ ಕುತ್ತಿಗೆಯಲ್ಲಿ ಒಂದು ತೂತು, ಉಸಿರಾಟವೆಲ್ಲ ಅದರಲ್ಲೇ. "ಮಾತು?" ಎಂದೆ. ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ಮಾತು ಇರಲ್ಲ" ಎಂದರು.

ಮೂವತ್ತನಾಲ್ಕು ವರ್ಷ ಬಸ್ ನಿಲ್ದಾಣದಲ್ಲಿ ಘೋಷಣೆ ಮಾಡಿದವನಿಗೆ ಬಂದ ಕಾಯಿಲೆಯನ್ನು ನೋಡಿ. ಕಾಲಿಗೆ ಬರಬಹುದಿತ್ತು, ಕಿವಿಗೆ ಬರಬಹುದಿತ್ತು. "ಪ್ರಯಾಣಿಕರ ಗಮನಕ್ಕೆ, ಬಸ್ಸು ನಾಲ್ಕನೇ ಅಂಕಣಕ್ಕೆ ಬರಲಿದೆ" ಎಂದು ನಾನು ಶುರು ಮಾಡಿದರೆ ಅಳುವ ಮಕ್ಕಳೂ ಬಾಯಿ ಮುಚ್ಚುತ್ತಿದ್ದವು. ನಿವೃತ್ತಿಯಾದ ಎರಡೇ ವರ್ಷಕ್ಕೆ ಹೀಗೆ.

ಪಕ್ಕದ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳು ಕೂರುತ್ತಾಳೆ. ಮಾತು ಹೋದವರಿಗೆ ಮಾತು ಕಲಿಸುವುದು ಅವಳ ಕೆಲಸ. ಮಾತಿನ ಮೇಡಂ ಎಂದು ನಾನೇ ಹೆಸರಿಟ್ಟೆ. ಆಪರೇಷನ್ನಿಗೆ ಮೊದಲು ನನ್ನ ದನಿಯಲ್ಲಿ ಎರಡು ಗಂಟೆಯಷ್ಟು ಮಾತು ರೆಕಾರ್ಡ್ ಮಾಡಿ ಕೊಟ್ಟರೆ ಕಂಪ್ಯೂಟರು ಆ ದನಿಯನ್ನು ಕಲಿಯುತ್ತದಂತೆ. ಆಮೇಲೆ ನಾನು ಏನು ಟೈಪ್ ಮಾಡಿದರೂ ನನ್ನ ದನಿಯಲ್ಲೇ ಹೇಳುತ್ತದಂತೆ. ಕೊಡದಿದ್ದರೆ ಯಾರದೋ ಸಿದ್ಧ ದನಿ ಹಾಕಿಕೊಡುತ್ತಾರೆ. ಸಾವಿರ ಜನರ ಬಾಯಲ್ಲಿರುವ ದನಿ.

ಷರತ್ತು ಒಂದೇ. ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ ಮಾತಾಡಬೇಕು, ಉಳಿದ ಹೊತ್ತು ಬಾಯಿಗೆ ಬೀಗ. ಹೆಚ್ಚು ಆಡಿದರೆ ಗಂಟಲು ಊದಿ ಇರುವುದೂ ಹೋಗುತ್ತದೆ. ಹಾಗಾಗಿ ಈ ನೋಟ್‌ಬುಕ್ಕು. ಹೇಳಬೇಕೆನಿಸಿದ್ದನ್ನು ಇಲ್ಲಿ ಗೀಚುವುದು.

ನನಗೇನೂ ಹೆದರಿಕೆಯಿಲ್ಲ.

ಮಾರ್ಚ್ ೪, ಮಂಗಳವಾರ

ಮೇಡಂ ಒಂದು ಹಾಳೆ ಕೊಟ್ಟಿದ್ದಾಳೆ. ನಲವತ್ತು ಪ್ರಶ್ನೆ. ನಿಮಗೆ ಯಾವ ತರಕಾರಿ ಇಷ್ಟವಿಲ್ಲ, ಯಾಕೆ? ನಿಮ್ಮ ಹವ್ಯಾಸವೇನು? ಫೋನಿನ ಬಗ್ಗೆ ಏನನ್ನಿಸುತ್ತದೆ? ಬೆಳಿಗ್ಗೆ ಎದ್ದ ಕೂಡಲೇ ಏನು ಮಾಡುತ್ತೀರಿ? "ಸುಮ್ನೆ ಹರಟೆ ಹೊಡೆದ ಹಾಗೆ ಮಾತಾಡಿ ಸಾರ್" ಎಂದಿದ್ದಾಳೆ. ನನ್ನ ದನಿಯ ಕೊನೆಯ ಎರಡು ಗಂಟೆಯನ್ನು ತರಕಾರಿಗೆ ಖರ್ಚು ಮಾಡಬೇಕು. ಇರಲಿ.

ಮಲಗುವ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದೆ. ಫ್ಯಾನ್ ನಿಲ್ಲಿಸಿದೆ. ರೆಕಾರ್ಡರು ಅಂಗೈಯಷ್ಟಿದೆ, ಗುಂಡಿ ಒತ್ತಿದರೆ ಕೆಂಪು ದೀಪ ಹತ್ತುತ್ತದೆ. ಬೆನ್ನು ನೆಟ್ಟಗೆ ಮಾಡಿ ಕೂತು ಶುರು ಮಾಡಿದೆ: "ಆಲೂಗಡ್ಡೆಯನ್ನು ಬೇಯಿಸುವುದಕ್ಕಿಂತ ಹುರಿಯುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ." ಹನ್ನೆರಡು ನಿಮಿಷ ಆಲೂಗಡ್ಡೆ, ಎಂಟು ನಿಮಿಷ ಎಲೆಕೋಸು. ಒಂದು ತೊದಲಿಲ್ಲ, ಒಂದು ಕೆಮ್ಮಿಲ್ಲ. ಗಂಟಲು ಉರಿಯಿತು, ಆದರೆ ಕೆಲಸ ಅಂದರೆ ಕೆಲಸ.

ಬಾಗಿಲ ಹೊರಗಿಂದ ಇವಳು ಎರಡು ಸಲ "ಮುಗೀತೇನ್ರೀ?" ಎಂದಳು. ಎರಡನ್ನೂ ಅಳಿಸಬೇಕಾಯಿತು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಇವಳಿಗೆ ಮೈಕಿನ ಮರ್ಯಾದೆ ಒಂದನ್ನು ಕಲಿಸಲಾಗಲಿಲ್ಲ.

ಮಾರ್ಚ್ ೭, ಶುಕ್ರವಾರ

ಇವತ್ತು ತಂತ್ರಜ್ಞಾನ. ಲಿಫ್ಟಿನಲ್ಲಿ ಮಾತಾಡುವ ಯಂತ್ರದ ಹೆಂಗಸನ್ನು ಚೆನ್ನಾಗಿ ಝಾಡಿಸಿದೆ, ಸಭ್ಯ ಭಾಷೆಯಲ್ಲಿ. "ಮೂರನೇ ಮಹಡಿ" ಎನ್ನುವಾಗ ಅವಳು "ಮೂರನೇ"ಗೂ "ಮಹಡಿ"ಗೂ ನಡುವೆ ಒಂದು ಊರಿನಷ್ಟು ಜಾಗ ಬಿಡುತ್ತಾಳೆ. ಬಸ್ ನಿಲ್ದಾಣದಲ್ಲಿ ನನ್ನ ಜಾಗಕ್ಕೆ ಬಂದಿರುವುದೂ ಅಂಥದ್ದೇ ಒಂದು.

ಆಮೇಲೆ ಹವ್ಯಾಸ. ನನ್ನ ಹವ್ಯಾಸ ಹಳೆಯ ಗಡಿಯಾರಗಳನ್ನು ಬಿಚ್ಚಿ ಜೋಡಿಸುವುದು. ಇವಳ ತಮ್ಮನದು ಮೀನು. ಅವನ ಮನೆಯಲ್ಲಿ ಹನ್ನೊಂದು ಗಾಜಿನ ತೊಟ್ಟಿಗಳಿವೆ, ಮನುಷ್ಯರು ಕೂರಲು ಮೂರು ಕುರ್ಚಿ. ನಾನು ಅವನನ್ನು ಕರೆಯುವುದೇ ಮೀನಪ್ಪ ಎಂದು. ಅವನ ವಿಷಯ ರೆಕಾರ್ಡಿನಲ್ಲಿ ಎತ್ತಲಿಲ್ಲ. "ಕೆಲವರು ಮತ್ಸ್ಯಪಾಲನೆಯಲ್ಲಿ ಆಸಕ್ತಿ ಹೊಂದಿರುತ್ತಾರೆ" ಎಂದಷ್ಟೇ ಹೇಳಿ ಮುಂದೆ ಹೋದೆ.

ಇವಳು ಊಟದ ಹೊತ್ತಿಗೆ ಏನೇನೋ ಹೇಳುತ್ತಿದ್ದಳು. ಮೇಲಿನ ಮನೆಯವರ ನಲ್ಲಿ, ಮಗಳ ಆಫೀಸು, ಹಲ್ಲುನೋವು. ಯಾರ ಹಲ್ಲು ಎಂದು ಗೊತ್ತಾಗಲಿಲ್ಲ. ನನಗೆ ಮಾತಾಡಬೇಡಿ ಎಂದಿದ್ದಾರೆ, ಕೇಳಿಸಿಕೊಳ್ಳಿ ಎಂದಿಲ್ಲವಲ್ಲ.

ಮಾರ್ಚ್ ೧೧, ಮಂಗಳವಾರ

ಬೆಳಿಗ್ಗೆ ಕೆಮ್ಮಿದಾಗ ಬೇಸಿನ್ನಿನಲ್ಲಿ ರಕ್ತ. ನೀರು ಬಿಟ್ಟು ತೊಳೆದೆ. ಇವಳಿಗೆ ಹೇಳಿಲ್ಲ.

ಇಪ್ಪತ್ತು ನಿಮಿಷ ಮುಗಿಸಿದೆ. ವಿಷಯ: ಬೆಳಗಿನ ನಡಿಗೆಯ ಉಪಯೋಗಗಳು.

ಮಾರ್ಚ್ ೧೪, ಶುಕ್ರವಾರ

ಅಳಿಸಿ ಮತ್ತೆ ಹೇಳಿದ್ದನ್ನೆಲ್ಲ ಕಳೆದು ನಿನ್ನೆಗೆ ಎರಡು ಗಂಟೆ ಪೂರ್ತಿಯಾಗಿತ್ತು. ಹೇಳಿದ ಗಡುವಿಗಿಂತ ಹನ್ನೆರಡು ದಿನ ಮೊದಲೇ. ಮೇಡಂ ಒಂದು ಮಾದರಿ ಮಾಡಿಸಿ ಇವತ್ತು ಮನೆಗೇ ತಂದಳು. ಮಗಳೂ ರಜೆ ಹಾಕಿ ಬಂದಿದ್ದಳು. ನಾವೆಲ್ಲ ಊಟದ ಮೇಜಿನ ಸುತ್ತ ಕೂತೆವು. ಮೇಡಂ ಟ್ಯಾಬ್ ಇಟ್ಟು, "ಏನಾದ್ರೂ ಟೈಪ್ ಮಾಡಿ ಸಾರ್" ಎಂದಳು. ಮಗಳ ಹೆಸರು ಬರೆದು, "ಊಟ ಆಯ್ತಾ?" ಎಂದು ಸೇರಿಸಿದೆ.

ಯಂತ್ರ ಹೇಳಿತು. ನನ್ನ ದನಿಯೇ. ಘನವಾದ, ಸ್ಪಷ್ಟವಾದ ದನಿ. ನನಗಂತೂ ಎದೆ ಉಬ್ಬಿತು. ಮಗಳ ಕಡೆ ನೋಡಿದರೆ ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. "ಅಪ್ಪ, ನಾನು ನಾಲ್ಕನೇ ಅಂಕಣಕ್ಕೆ ಬರಬೇಕಾ?" ಎಂದಳು. ಹಾಗೆಂದವಳು ನಗುತ್ತಲೇ ಅಳಲು ಶುರು ಮಾಡಿದಳು.

ಇವಳು ಟ್ಯಾಬನ್ನೇ ನೋಡುತ್ತಿದ್ದಳು. ಮೇಡಂ ಅವಳನ್ನು "ನಿಮಗೇನನ್ಸುತ್ತೆ ಅಮ್ಮಾ?" ಎಂದು ಕೇಳಿದಳು.

"ಚೆನ್ನಾಗಿದೆ" ಎಂದಳು ಇವಳು. ಎದ್ದು ಕುರ್ಚಿ ಒಳಗೆ ತಳ್ಳಿದಳು. "ಆದ್ರೆ ಈ ಗಂಡಸಿನ ಜೊತೆ ನಾನು ಸಂಸಾರ ಮಾಡಿಲ್ಲ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೇಡಂ ಮೆಲ್ಲಗೆ ವಿವರಿಸಿದಳು. ಯಂತ್ರಕ್ಕೆ ಕೊಟ್ಟದ್ದನ್ನೇ ಅದು ಕಲಿಯುತ್ತದೆ. ನಾನು ಕೊಟ್ಟದ್ದು ಮೈಕಿನ ದನಿ. ಇದರ ಜೊತೆ ಬೇರೆಯದನ್ನು ಬೆರೆಸಿದರೂ ಈ ಗಟ್ಟಿ ದನಿಯೇ ಮೇಲೆ ಬರುತ್ತದೆ. ಮನೆಯ ದನಿ ಬೇಕೆಂದರೆ ಇದನ್ನೆಲ್ಲ ಬದಿಗಿಟ್ಟು ಮೊದಲಿನಿಂದ ಶುರು ಮಾಡಬೇಕು. ಎರಡು ಗಂಟೆ ಆಗದಿದ್ದರೆ ತೊಂಬತ್ತು ನಿಮಿಷವಾದರೂ. ಗಂಟಲು ನೋಡಿದ ಮೇಲೆ ಇನ್ನೊಂದು ಮಾತು ಸೇರಿಸಿದಳು: ಇನ್ನು ದಿನಕ್ಕೆ ಹತ್ತೇ ನಿಮಿಷ.

ಉಳಿದಿರುವುದು ಹನ್ನೊಂದು ದಿನ. ಲೆಕ್ಕ ಯಾರು ಬೇಕಾದರೂ ಹಾಕಬಹುದು.

ಮಾರ್ಚ್ ೧೫, ಶನಿವಾರ

ರೆಕಾರ್ಡ್ ಮಾಡಲಿಲ್ಲ. ಕೋಪ. ಆ ದನಿ ಕೇಳಿ ಎಷ್ಟು ಜನ ಸರಿಯಾದ ಬಸ್ಸು ಹತ್ತಿದ್ದಾರೆ. ಮನೆಯವರಿಗೆ ಮಾತ್ರ ಬೇಡವಂತೆ.

ಮಾರ್ಚ್ ೧೭, ಸೋಮವಾರ

ಐದು ಸಲ ಕೂತೆ, ಐದು ಸಲವೂ ಸೋತೆ.

ಗುಂಡಿ ಒತ್ತುವ ತನಕ ಸರಿಯಾಗೇ ಇರುತ್ತೇನೆ. ಕೆಂಪು ದೀಪ ಹತ್ತಿದ ಕೂಡಲೇ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಹೊಟ್ಟೆ ಒಳಗೆ ಹೋಗುತ್ತದೆ, ಬಾಯಿಂದ "ಎಂಬುದು ನನ್ನ ಅಭಿಪ್ರಾಯ" ಬರುತ್ತದೆ. ಗೋಡೆಗೆ ಒರಗಿ ಕೂತು ನೋಡಿದೆ, ಮಲಗಿಕೊಂಡು ನೋಡಿದೆ, ಬನಿಯನ್ನಿನಲ್ಲಿ ನೋಡಿದೆ. ಮೂವತ್ತನಾಲ್ಕು ವರ್ಷ ಆ ದೀಪದ ಮುಂದೆ ನಾನು ನಾನಾಗಿರಬಾರದು ಎಂದು ಅಭ್ಯಾಸ ಮಾಡಿದ್ದೇನೆ. ಈಗ ಬಿಡು ಎಂದರೆ ಬಿಡುತ್ತದೆಯೇ? ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಇದು ಹುಟ್ಟುಗುಣವೂ ಅಲ್ಲ, ಸಂಬಳಕ್ಕೆ ಕಲಿತದ್ದು.

ಮೇಡಂಗೆ ಫೋನಿನಲ್ಲಿ ಸಂದೇಶ ಕಳಿಸಿದೆ. "ಯಾರ ಜೊತೆಗಾದ್ರೂ ಜಗಳ ಆಡಿ ಸಾರ್, ತಾನಾಗೇ ಬರುತ್ತೆ" ಎಂದು ಬರೆದಿದ್ದಾಳೆ. ಹುಡುಗಾಟ. ಇವಳಿಗೂ ಅದನ್ನು ತೋರಿಸಿದೆ. ಓದಿ ಫೋನ್ ವಾಪಸು ಕೊಟ್ಟಳು.

ಹತ್ತು ನಿಮಿಷ ಹೋಯಿತು. ಕೈಗೆ ಬಂದದ್ದು ಸೊನ್ನೆ.

ಮಾರ್ಚ್ ೧೮, ಮಂಗಳವಾರ

ಗಾಯದ ಮೇಲೆ ಬರೆ ಎಳೆದ ಹಾಗೆ ಬೆಳಿಗ್ಗೆಯೇ ಮೀನಪ್ಪ ಬಂದ. ಅಂಗಡಿಗೆ ಬಣ್ಣ ಹೊಡೆಸುತ್ತಿದ್ದಾನಂತೆ, ವಾರ ಪೂರ್ತಿ ಬಿಡುವಂತೆ. ಅಡುಗೆಮನೆಯ ಮೇಜಿನ ಮುಂದೆ ನನ್ನ ಕುರ್ಚಿಯಲ್ಲೇ ಕೂತ.

"ಭಾವ, ಟೀ ಮಾಡೋಕೆ ಒಲೆ ಯಾಕೆ ಬೇಕು? ತಣ್ಣೀರಿಗೆ ಟೀಪುಡಿ, ಹಾಲು, ಸಕ್ಕರೆ ಎಲ್ಲಾ ಒಟ್ಟಿಗೆ ಹಾಕಿ ಮೈಕ್ರೋವೇವಲ್ಲಿ ಇಟ್ಬಿಟ್ರೆ ಆಯ್ತು. ನಾನು ಈಗ ಹಾಗೇ ಮಾಡ್ತಿರೋದು."

ಬಾಯಿಗೆ ಬೀಗ ಹಾಕಿಕೊಂಡೆ. ಅವನು ಮತ್ತೆ, "ಎರಡು ದಿನಕ್ಕಾಗೋಷ್ಟು ಒಂದೇ ಸಲ ಮಾಡಿ ಫ್ರಿಜ್ಜಲ್ಲಿ ಇಟ್ಕೊಂಡ್ರೆ ಇನ್ನೂ ರುಚಿ" ಎಂದ. ತಡೆಯಲಾಗಲಿಲ್ಲ. "ಅದು ಟೀ ಅಲ್ಲ ಕಣೋ, ಪಾತ್ರೆ ತೊಳೆದ ನೀರು!" ಎಂದು ಶುರು ಮಾಡಿದವನು ನೀರು ಕುದಿಯುವುದು ಎಂದರೇನು, ಪುಡಿ ಯಾವಾಗ ಹಾಕಬೇಕು, ಅವನ ಅಮ್ಮ ಎಂಥ ಟೀ ಮಾಡುತ್ತಿದ್ದರು, ಅಂಥ ತಾಯಿಗೆ ಎಂಥ ಮಗ ಎಂಬಲ್ಲಿಗೆ ಬಂದು ನಿಂತೆ. ಗಂಟಲಿಗೆ ಮುಳ್ಳು ಚುಚ್ಚಿದ ಹಾಗಾಯಿತು. ಇವಳು ಬಾಳೆಹಣ್ಣಿನ ಬುಟ್ಟಿಯನ್ನು ನನ್ನ ಮುಂದೆ ಸರಿಸಿ, ಬಿಸಿನೀರು ಕೊಟ್ಟಳು.

ಒಂದು ಅಯೋಗ್ಯ ಟೀಗಾಗಿ ಹದಿನೈದು ನಿಮಿಷದ ದನಿ ಹಾಳು.

ಮಾರ್ಚ್ ೨೦, ಗುರುವಾರ

ಮೂರನೇ ದಿನವೂ ಬಂದ. ನಿನ್ನೆಯ ವಾದ: ಮೀನುಗಳಿಗೆ ಯಜಮಾನನ ಮುಖ ಗುರುತಿರುತ್ತದೆ. ಅವುಗಳಿಗೆ ಗುರುತಿರುವುದು ಕಾಳಿನ ಡಬ್ಬ, ನಿನ್ನ ಮುಖವಲ್ಲ ಎಂದೆ. ಇವತ್ತು ಬೇಯಿಸಿದ ಮೊಟ್ಟೆಯ ಫೋಟೋ ತೆಗೆದು ಯಾರಿಗೋ ಕಳಿಸಿದ. ಬರೀ ಮೊಟ್ಟೆ! "ಉಪ್ಪಿನ ಫೋಟೋನೂ ತೆಗಿ, ಒಂಟಿಯಾಗಿ ಬೇಜಾರು ಮಾಡ್ಕೊಂಡೀತು" ಎಂದೆ. ಅವನು ನಕ್ಕ, ಇವಳೂ ನಕ್ಕಳು. ನನಗೆ ನಗಲು ಹೋದರೆ ನೋವು.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ನನ್ನ ದನಿ ದಿನದಿಂದ ದಿನಕ್ಕೆ ಕುಗ್ಗುತ್ತಿದೆ, ಇವರಿಗೆ ಅದರ ಪರಿವೆಯೇ ಇಲ್ಲ. ಕೋಣೆಯಲ್ಲಿ ರೆಕಾರ್ಡರ್ ಹುಡುಕಿದೆ, ಕಾಣಲಿಲ್ಲ. ಇವಳನ್ನು ಕೇಳಿದರೆ "ಎಲ್ಲೋ ಇರುತ್ತೆ ಬಿಡಿ" ಎಂದಳು. ನನ್ನ ದನಿಯ ವಿಷಯಕ್ಕೆ "ಎಲ್ಲೋ ಇರುತ್ತೆ"!

ಸತ್ಯ ಬರೆಯುತ್ತೇನೆ, ಯಾರೂ ಓದುವುದಿಲ್ಲವಲ್ಲ. ಹೆದರಿಕೆಯಾಗುತ್ತಿದೆ. ಕತ್ತಿಗಲ್ಲ. ಆಮೇಲಿನ ಮನೆಗೆ. ಈ ಮೇಜಿನ ಮುಂದೆ ಅವರಿಬ್ಬರೂ ನಗುತ್ತಿರುತ್ತಾರೆ, ನಾನು ಯಾರದೋ ದನಿಯ ಗುಂಡಿ ಒತ್ತುತ್ತಾ ಕೂತಿರುತ್ತೇನೆ. ಇಲ್ಲವೇ ಘೋಷಣೆ ಮಾಡುತ್ತಾ.

ಮಾರ್ಚ್ ೨೧, ಶುಕ್ರವಾರ

ಸಿಕ್ಕಿತು. ಬಾಳೆಹಣ್ಣಿನ ಬುಟ್ಟಿಯಲ್ಲಿ.

ಮೀನಪ್ಪನ ಮೇಲೆ ಎಸೆಯಲು ಹಣ್ಣು ಎತ್ತಿಕೊಂಡೆ (ಕಾರು ತಾನಾಗಿ ಓಡುವುದಾದರೆ ಡ್ರೈವರು ಯಾಕೆ ಎಂದಿದ್ದ, ನಿಲ್ದಾಣದಲ್ಲಿ ಜೀವ ಸವೆಸಿದವನ ಮುಂದೆ!). ಕೈಗೆ ಗಟ್ಟಿಯಾದದ್ದು ತಾಗಿತು. ರೆಕಾರ್ಡರು. ಕೆಂಪು ದೀಪದ ಮೇಲೆ ಹಣ್ಣಿನ ಸ್ಟಿಕ್ಕರು ಅಂಟಿಸಿದ್ದಾರೆ. ಓಡುತ್ತಾ ಇದೆ.

ಅಕ್ಕ ತಮ್ಮ ಇಬ್ಬರೂ ಕಲ್ಲಿನ ಹಾಗೆ ಕೂತಿದ್ದರು.

"ಕಳ್ಳತನ!" ಎಂದೆ. "ನನ್ನ ಮನೇಲಿ ನನಗೇ ಕಳ್ಳತನ! ನಾನು ಬೈಯ್ಯೋದು, ಕೆಮ್ಮೋದು, ಗೊಣಗೋದು, ಇದನ್ನಾ ನೀವು ಆ ಯಂತ್ರಕ್ಕೆ ಕೊಡೋದು?"

"ಹೂಂ, ಇದನ್ನೇ" ಎಂದಳು ಇವಳು. ದನಿ ಎತ್ತರಿಸಲಿಲ್ಲ. "ನೀವು ಮೈಕಿಗೆ ಕೊಟ್ಟಿದ್ದು ಊರಿಗೆಲ್ಲಾ ಇತ್ತು. ಮನೇಲಿ ನಂಗೆ ಸಿಕ್ಕಿದ್ದು ಇದೇ. ಇದನ್ನೂ ಬಿಡು ಅಂದ್ರೆ ಹೇಗ್ರೀ?"

ಅದಕ್ಕೆ ನಾನು ಏನೋ ಕಿರುಚಿದೆ. ಏನೆಂದು ನೆನಪಿಲ್ಲ. ವಾಕ್ಯದ ನಡುವೆ ದನಿ ಕಡಿದುಹೋಯಿತು. ಬಾಯಿ ಆಡುತ್ತಿದೆ, ಶಬ್ದವಿಲ್ಲ. ಮೀನಪ್ಪ ಎದ್ದು ನಿಂತು, "ಭಾವ, ಸಾಕು, ಕಾಲಿಗೆ ಬೀಳ್ತೀನಿ, ಸಾಕು" ಎಂದ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ನನಗೆ ರೋಗವೂ ಇದೆ, ಜಗಳವೂ ಇದೆ. ಮಾತು ಮಾತ್ರ ಇಲ್ಲ.

ಮಾರ್ಚ್ ೨೨, ಶನಿವಾರ

ದನಿ ಬಂದಿಲ್ಲ. ಬರೀ ಗಾಳಿ. ನಾಲ್ಕು ದಿನ ಉಳಿದಿದೆ.

ಇವಳು ಮಗಳ ಜೊತೆ ಆಸ್ಪತ್ರೆಗೆ ಯಾವುದೋ ಕಾಗದಕ್ಕೆ ಹೋಗಿದ್ದಳು. ನಾನು ಅಳಿಸಿಬಿಡಬೇಕೆಂದೇ ರೆಕಾರ್ಡರ್ ತೆಗೆದೆ. ಅಳಿಸುವ ಮೊದಲು ಎಷ್ಟಿದೆ ನೋಡೋಣ ಎಂದು ಕಿವಿಗೆ ಹಾಕಿಕೊಂಡೆ. ಮಧ್ಯಾಹ್ನದ ತನಕ ಅಲ್ಲೇ ಕೂತುಬಿಟ್ಟೆ.

ಆ ಮನುಷ್ಯ ನನಗೆ ಪರಿಚಯವಿಲ್ಲ. ಅವನ ದನಿ ತೆಳುವಾಗಿದೆ. ಮೂಗಿನಲ್ಲಿ ಮಾತಾಡುತ್ತಾನೆ. ಪದಗಳನ್ನು ನುಂಗುತ್ತಾನೆ. "ಅಲ್ಲಾ" ಎಂದೇ ಎಲ್ಲ ಮಾತನ್ನೂ ಶುರು ಮಾಡುತ್ತಾನೆ. ತಮಾಷೆ ಮಾಡಿದಾಗ ತಾನೇ ಮೊದಲು ನಗುತ್ತಾನೆ, ಅದೂ ಒಡೆದ ಕೊಳವೆಯ ಹಾಗೆ. ನಾನು ಹೀಗೆ ನಗುತ್ತೇನೆಂದು ಯಾರೂ ನನಗೆ ಹೇಳಿಲ್ಲ.

ಇನ್ನೊಂದು ದನಿಯೂ ಇದೆ, ಹಿಂದೆ. ಪಾತ್ರೆಯ ಸದ್ದಿನ ನಡುವೆ. "ಬಿಸಿನೀರು ಕೊಡ್ಲಾ?" "ನೋವು ಜಾಸ್ತಿ ಆಯ್ತಾ?" "ಮೊಟ್ಟೆ ಇನ್ನೂ ಸ್ವಲ್ಪ ಬೇಯಬೇಕಿತ್ತಾ?" "ಹೋದ ವಾರ ಬೇಸಿನ್ನಲ್ಲಿ ರಕ್ತ ಇತ್ತು, ನಂಗೆ ಹೇಳಲ್ವಾ?" ಇದನ್ನು ಯಾವಾಗ ಕೇಳಿದಳು? ನಾನು ಅದೇ ಕುರ್ಚಿಯಲ್ಲಿ ಕೂತಿದ್ದೇನೆ, ಮೀನಿನ ಬಗ್ಗೆ ಭಾಷಣ ಮಾಡುತ್ತಿದ್ದೇನೆ. ಎರಡನೇ ಸಲ ಕೇಳುವಾಗ ಎಣಿಸಿದೆ. ನಾಲ್ಕು ದಿನದಲ್ಲಿ ಹನ್ನೊಂದು ಪ್ರಶ್ನೆ. ನಾನು ಉತ್ತರ ಕೊಟ್ಟದ್ದು ಎರಡಕ್ಕೆ.

ಗುರುವಾರದ್ದರಲ್ಲಿ ನಾನು ಬಚ್ಚಲಿಗೆ ಹೋದ ಮೇಲೂ ಯಂತ್ರ ಓಡಿದೆ. ಬಾಗಿಲು ಹಾಕಿದ ಸದ್ದು. ಆಮೇಲೆ ಮೀನಪ್ಪ:

"ಅಕ್ಕ, ಮಾತಾಡುವಾಗ ಭಾವನ ಕಣ್ಣಲ್ಲಿ ನೀರು ಬರ್ತಿದೆ. ನಂಗಾಗಲ್ಲ. ನಾಳೆಯಿಂದ ಬರಲ್ಲ ನಾನು."

"ನಂಗಾಗುತ್ತಾ?" ಎನ್ನುತ್ತಾಳೆ ಇವಳು. "ಇನ್ನೂ ನಲವತ್ತು ನಿಮಿಷ ಬೇಕು ಕಣೋ. ನಾಳೆ ಕಾರಿನ ವಿಷಯ ಎತ್ತು, ಅದಕ್ಕೆ ಉರಿದುಬೀಳ್ತಾರೆ."

"ಆಮೇಲೆ ನನ್ನ ಮುಖಾನೂ ನೋಡಲ್ಲ ಅವರು."

"ನೋಡದಿದ್ರೆ ಬೇಡ. ಮಾತು ಕೇಳಿಸಿದ್ರೆ ಸಾಕು ನಂಗೆ."

ಅಷ್ಟರಲ್ಲಿ ಬಾಗಿಲ ಸದ್ದು, ನಾನು ಬಂದೆ. ಬಂದವನೇ "ಅಲ್ಲಾ, ಆ ಸೋಪು ಯಾಕೆ ನೀರಲ್ಲಿ ಬಿಟ್ಟಿದ್ದೀರಿ?" ಎನ್ನುತ್ತೇನೆ.

ಅಳಿಸಲಿಲ್ಲ. ಫೋನಿಗೆ ಹಾಕಿ ಮೇಡಂಗೆ ಕಳಿಸಿದೆ. ಸಂಜೆ ಉತ್ತರ ಬಂತು: ನನ್ನ ಮಾತು ಮಾತ್ರ ಕತ್ತರಿಸಿದರೆ ಅರವತ್ತೆರಡು ನಿಮಿಷ. ದನಿ ತುಂಬ ಚೆನ್ನಾಗಿದೆ. ಇನ್ನೂ ಇಪ್ಪತ್ತೆಂಟು ಬೇಕು, ಇಲ್ಲದಿದ್ದರೆ ಖಾತ್ರಿಯಿಲ್ಲ.

ನನ್ನ ಬಳಿ ಈಗ ಒಂದು ನಿಮಿಷದ್ದೂ ಇಲ್ಲ.

ಮಾರ್ಚ್ ೨೩, ಭಾನುವಾರ

ಗಾಳಿ. ಇಡೀ ದಿನ ಬಿಸಿನೀರಿನ ಹಬೆ. ಇವಳ ಎಡಗಡೆ ದವಡೆ ಊದಿದೆ. ಹಲ್ಲುನೋವು ಇವಳದೇ ಆಗಿತ್ತು. ಚೀಟಿ ಬರೆದು ತೋರಿಸಿದೆ: ಡಾಕ್ಟರ ಹತ್ತಿರ ಹೋಗು. "ಬುಧವಾರ ಕಳೀಲಿ" ಎಂದಳು.

ಮಾರ್ಚ್ ೨೪, ಸೋಮವಾರ

ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ಸದ್ದು ಬಂತು. ನನ್ನದೇ. ತುಕ್ಕು ಹಿಡಿದ ಬಾಗಿಲಿನ ಹಾಗೆ, ಆದರೆ ಇದೆ. ಖರ್ಚು ಮಾಡಲಿಲ್ಲ. ಅಡುಗೆಮನೆಗೆ ಹೋಗಿ ರೆಕಾರ್ಡರಿನ ದೀಪದ ಮೇಲೆ ಸ್ಟಿಕ್ಕರು ಒತ್ತಿ, ಬುಟ್ಟಿಯಲ್ಲಿ ಇಟ್ಟು, ಇವಳಿಗೆ ಚೀಟಿ ಕೊಟ್ಟೆ: ಮೀನಪ್ಪನನ್ನು ಕರಿ.

ಅವನು ಬಂದು ಬಾಗಿಲಲ್ಲೇ ನಿಂತ. ಮುಖ ಸಪ್ಪೆಯಾಗಿತ್ತು. ಜಗಳ ಶುರು ಮಾಡುವ ಧೈರ್ಯ ಅವನಿಗಿಲ್ಲ. ನಾನೇ ಶುರು ಮಾಡಬೇಕಾಯಿತು.

"ಅಲ್ಲಾ, ಆ ಹನ್ನೊಂದು ತೊಟ್ಟಿ ಮಾರಿ ಒಂದು ಸೋಫಾ ತಗೋಬಾರದೇನೋ?"

"ಸೋಫಾ ನೋಡಿದ್ರೆ ಮನಸ್ಸಿಗೆ ಶಾಂತಿ ಬರುತ್ತಾ ಭಾವ?" ಎಂದ. ಅವನ ಕಣ್ಣು ತುಂಬಿತ್ತು. ಆದರೂ ಬಿಡಲಿಲ್ಲ, ಪಾಪ. ನನ್ನ ಗಡಿಯಾರಗಳ ಮೇಲೆ ಬಂದ. ಒಂಬತ್ತು ಗಡಿಯಾರ, ಒಂಬತ್ತು ಹೊತ್ತು, ಈ ಮನೇಲಿ ಸರಿಯಾದ ಸಮಯ ಯಾವುದು ಅಂತ ಯಾರಿಗಾದ್ರೂ ಗೊತ್ತಾ ಎಂದ. ಅದು ನ್ಯಾಯವಾದ ಮಾತು. ಆದರೂ ಹನ್ನೆರಡು ನಿಮಿಷ ವಾದಿಸಿದೆ.

ಮಾರ್ಚ್ ೨೫, ಮಂಗಳವಾರ

ಬೆಳಿಗ್ಗೆ ಮತ್ತೆ ಹನ್ನೆರಡು. ಮಗಳೂ ಸೇರಿಕೊಂಡಳು. ಆಮೇಲೆ ದನಿ ಸೋರಿಹೋಗುತ್ತಾ ಬಂತು. ಮಾತಿನ ಮೇಡಂ ಲೆಕ್ಕ ಹಾಕಿ ಹೇಳಿದಳು: ಎಂಬತ್ತಾರು. "ನಾಲ್ಕು ಕಡಿಮೆ ಇದೆ ಸಾರ್. ನೋಡೋಣ" ಎಂದಳು. ಅವಳ "ನೋಡೋಣ" ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ದನಿ ತಯಾರಾಗಲು ಹತ್ತು ಹನ್ನೆರಡು ದಿನ ಬೇಕು. ಅಲ್ಲಿಯತನಕ ಯಾರಿಗೂ ಗೊತ್ತಾಗುವುದಿಲ್ಲ.

ಆಸ್ಪತ್ರೆಗೆ ಹೊರಡುವ ಮೊದಲು ಸಂಜೆ ನಾವಿಬ್ಬರೇ ಇದ್ದೆವು. ಉಳಿದ ನಾಲ್ಕು ನಿಮಿಷವನ್ನು ಇವಳಿಗೆ ಒಂದು ಒಳ್ಳೆಯ ಮಾತು ಹೇಳಲು ಇಟ್ಟುಕೊಂಡಿದ್ದೆ. ಎಂಬತ್ತಾರು ನಿಮಿಷದಲ್ಲಿ ಒಂದೂ ಇಲ್ಲ, ನಾನೇ ಕೇಳಿದ್ದೇನಲ್ಲ. ಇವಳನ್ನು ಕೂರಿಸಿ, ಬೆನ್ನು ನೆಟ್ಟಗೆ ಮಾಡಿ ಶುರು ಮಾಡಿದೆ: "ಕಳೆದ ಮೂವತ್ತೊಂದು ವರ್ಷಗಳಿಂದ ನೀನು ನನಗೆ ನೀಡಿರುವ ಸಹಕಾರವನ್ನು..."

ಇವಳು ನಗಲು ಶುರು ಮಾಡಿದಳು. ಊದಿದ ದವಡೆ ಹಿಡಿದುಕೊಂಡು ನಕ್ಕಳು. "ಎಷ್ಟನೇ ಅಂಕಣಕ್ಕೆ ಬರ್ತಿದ್ದೀರಿ?" ಎಂದಳು.

ನನಗೂ ನಗು ಬಂತು. ಆ ಒಡೆದ ಕೊಳವೆಯ ನಗು. ಮುಂದಕ್ಕೆ ಹೇಳಲಾಗಲಿಲ್ಲ.

ಏಪ್ರಿಲ್ ೨, ಬುಧವಾರ

ಇವತ್ತು ಕೂತು ಬರೆಯಲು ಆಗುತ್ತಿದೆ. ಮೂಗಿನಲ್ಲಿ ಊಟದ ನಳಿಕೆ, ಕುತ್ತಿಗೆಯಲ್ಲಿ ಉಸಿರಿನ ನಳಿಕೆ. ಗಡ್ಡೆ ಪೂರ್ತಿ ಹೋಗಿದೆಯಂತೆ.

ನಾನು ಕೊನೆಗೆ ಆಡಿದ ಮಾತು ಯಾವುದೆಂದು ಮಗಳನ್ನು ಬರೆದು ಕೇಳಿದೆ. ಹೇಳಲು ಮನಸ್ಸಿರಲಿಲ್ಲ ಅವಳಿಗೆ. ಗಾಲಿಮಂಚ ತಳ್ಳುವವನಿಗೆ, "ಮೆತ್ತಗಪ್ಪಾ, ಗೋಡೆಗೆ ಹೊಡೀತೀಯ" ಎಂದೆನಂತೆ. ಆಗಲೂ ದೂರು.

ಇವಳು ಹಲ್ಲು ಕೀಳಿಸಿಕೊಂಡು ಬಂದಳು. ಹತ್ತಿ ಕಚ್ಚಿಕೊಂಡಿದ್ದರಿಂದ ಅವಳಿಗೂ ಮಾತಿಲ್ಲ. ಇಡೀ ಮಧ್ಯಾಹ್ನ ಇಬ್ಬರೂ ಚೀಟಿ ಬದಲಾಯಿಸಿಕೊಂಡೆವು. ಮೇಲಿನ ಮನೆಯವರ ನಲ್ಲಿಯ ಕಥೆ ಈಗ ನನಗೆ ಪೂರ್ತಿ ಗೊತ್ತು.

ಏಪ್ರಿಲ್ ೯, ಬುಧವಾರ

ಮನೆಗೆ ಬಂದು ಎರಡು ದಿನವಾಯಿತು.

ಹನ್ನೊಂದು ಗಂಟೆಗೆ ಮೇಡಂ ಬಂದು ಟ್ಯಾಬಿಗೆ ದನಿ ಹಾಕಿಕೊಟ್ಟಳು. ತಾನೂ ಪೂರ್ತಿ ಕೇಳಿಲ್ಲ, ಮೊದಲು ಮನೆಯವರೇ ಕೇಳಲಿ ಎಂದಳು. "ಅಕಸ್ಮಾತ್ ಸರಿ ಬಂದಿಲ್ಲ ಅಂದ್ರೆ ಸಿದ್ಧ ದನಿನೂ ಇದೆ ಸಾರ್, ಪಕ್ಕದ ಗುಂಡಿ" ಎಂದು ತೋರಿಸಿ ಹೋದಳು. ಇವಳು ಅವಳನ್ನು ಕೆಳಗಿನ ತನಕ ಬಿಟ್ಟು ಬಂದು, ನನ್ನ ಕಡೆ ನೋಡದೆ ಬಚ್ಚಲಿಗೆ ಬಟ್ಟೆ ಒಗೆಯಲು ಹೋದಳು. ಬಟ್ಟೆ ಎಲ್ಲಿತ್ತು? ನಿನ್ನೆಯೇ ಎಲ್ಲ ಒಗೆದಾಗಿತ್ತು. ಅವಳಿಗೂ ಹೆದರಿಕೆ.

ಟ್ಯಾಬ್ ತೊಡೆಯ ಮೇಲಿಟ್ಟುಕೊಂಡು ಅರ್ಧ ಗಂಟೆ ಕೂತಿದ್ದೆ. ಮೊದಲ ಮಾತು ಚೆನ್ನಾಗಿರಬೇಕು ಎಂದು ಆಸ್ಪತ್ರೆಯಲ್ಲೇ ಯೋಚಿಸಿ ಇಟ್ಟಿದ್ದೆ. ಟೈಪ್ ಮಾಡಿದೆ. ಓದಿದೆ. ಸನ್ಮಾನಪತ್ರದ ಹಾಗಿತ್ತು. ಅಳಿಸಿದೆ. ಇನ್ನೊಂದು ಬರೆದೆ, ಅದನ್ನೂ ಅಳಿಸಿದೆ. ಕುತ್ತಿಗೆಯ ತೂತಿನಲ್ಲಿ ಉಸಿರು ಸೀಟಿಯಂತೆ ಹೋಗಿ ಬರುತ್ತಿತ್ತು. ಎಂಬತ್ತಾರು ನಿಮಿಷ ಸಾಲದೆ ಹೋಗಿದ್ದರೆ? ಒತ್ತಿದ ಮೇಲೆ ಗೊತ್ತಾಗಿಬಿಡುತ್ತದೆ. ಒತ್ತದಿದ್ದರೆ ಇನ್ನೂ ಸ್ವಲ್ಪ ಹೊತ್ತು ಗೊತ್ತಾಗುವುದಿಲ್ಲ. ಗೊತ್ತಾಗದೆ ಇರುವುದೇ ಒಳ್ಳೆಯದು ಎನ್ನಿಸಿತು.

ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಲಾರಿ ಹೋಯಿತು. ಬೀದಿ ಕಡೆಯ ಕಿಟಕಿ ಹಾರುಹೊಡೆದಿತ್ತು, ಧೂಳೆಲ್ಲ ಒಳಗೆ ಬಂತು, ಕೆಮ್ಮು ಬಂತು. ಧೂಳು ತಾಗಬಾರದು ಎಂದು ಡಾಕ್ಟರು ಅಷ್ಟು ಹೇಳಿ ಕಳಿಸಿದ್ದಾರೆ. ಸಿಟ್ಟು ನೆತ್ತಿಗೇರಿತು. ಯೋಚನೆಯೇ ಮಾಡದೆ ಕುಟ್ಟಿ ಒತ್ತಿಬಿಟ್ಟೆ.

"ಅಲ್ಲಾ, ಈ ಕಿಟಕಿ ಯಾಕೆ ತೆಗೆದಿಟ್ಟಿದ್ದೀಯ? ಧೂಳೆಲ್ಲ ನನ್ನ ಮೂತಿಗೇ ಬರ್ತಿದೆ!"

ಬಚ್ಚಲಿಂದ, ನೀರಿನ ಸದ್ದಿನ ಮೇಲೆ, ಇವಳು ಕೂಗಿದಳು: "ಕಾಲಿಲ್ವೇನ್ರೀ? ನೀವೇ ಎದ್ದು ಹಾಕ್ಕೊಳ್ಳಿ! ಕೈಯೆಲ್ಲಾ ಸೋಪು ನಂದು!"

ಆಮೇಲೆ ನಲ್ಲಿ ನಿಂತಿತು.

ನಾನು ಬಾಗಿಲನ್ನೇ ನೋಡುತ್ತಿದ್ದೆ. ಇವಳು ಬಂದು ನಿಂತಳು, ಮೊಣಕೈ ತನಕ ನೊರೆ, ನೆಲಕ್ಕೆಲ್ಲ ಹನಿ. ಟ್ಯಾಬನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡಿದಳು.

"ಇನ್ನೊಂದ್ಸಲ ಬೈಯಿರಿ" ಎಂದಳು.

ಒತ್ತಿದೆ. ಯಂತ್ರ ಮತ್ತೆ ಬೈಯಿತು. ಇವಳು ಪೂರ್ತಿ ಕೇಳಿ, ಸೀದಾ ಹೋಗಿ ಸೋಪಿನ ಕೈಯಲ್ಲೇ ಕಿಟಕಿ ಎಳೆದು ಚಿಲಕ ಹಾಕಿದಳು. ಚಿಲಕ, ಗಾಜು, ಪರದೆ, ಎಲ್ಲದಕ್ಕೂ ನೊರೆ ಬಳಿದಳು. ಬಳಿದು ನನಗೆ ಬೆನ್ನು ಮಾಡಿಕೊಂಡು ಅಲ್ಲೇ ನಿಂತಳು, ಕಾಯುತ್ತಾ.

ಪರದೆಯ ವಿಷಯ ಟೈಪ್ ಮಾಡತೊಡಗಿದೆ.